ಮೂರು ಪದ ಮೀರದಂತೆ

ಸುತ್ತೋಲೆ ಬಂದದ್ದು ಸೋಮವಾರ. ಬಂದದ್ದು ಅಂತ ಸುಮ್ಮನೆ ಹೇಳಿದೆ, ಅದನ್ನು ಟೈಪು ಮಾಡಿದವಳು ನಾನೇ. ‘ಕಾಲೇಜಿನ ಮುಂದಿನ ಹತ್ತು ವರ್ಷಗಳ ಮುನ್ನೋಟ ಯೋಜನೆಯನ್ನು ರೂಪಿಸುವ ಕಾರ್ಯದಲ್ಲಿ ಬೋಧಕ ಹಾಗೂ ಬೋಧಕೇತರ ಸಿಬ್ಬಂದಿಯೆಲ್ಲರೂ ಸ್ವಯಂಪ್ರೇರಿತರಾಗಿ ಪಾಲ್ಗೊಳ್ಳತಕ್ಕದ್ದು. ಗೈರುಹಾಜರಾದವರ ಒಂದು ದಿನದ ರಜೆಯನ್ನು ಕಡಿತಗೊಳಿಸಲಾಗುವುದು.’ ಸ್ವಯಂಪ್ರೇರಿತರಾಗದಿದ್ದರೆ ರಜೆಗೆ ಕತ್ತರಿ. ಪ್ರಿನ್ಸಿಪಾಲರು ಇದನ್ನು ನಗದೆ ಹೇಳಿ ಬರೆಸಿದರು, ನಾನು ನಗದೆ ಬರೆದುಕೊಂಡೆ. ಇಪ್ಪತ್ತೊಂದು ವರ್ಷ ಇಂಥವನ್ನೇ ಟೈಪು ಮಾಡಿದವಳಿಗೆ ನಗುವ ನರ ಯಾವತ್ತೋ ಸತ್ತುಹೋಗಿರುತ್ತದೆ.

ನಾನು ಸಂಜೆ ವಿಭಾಗದ ಗುಮಾಸ್ತೆ. ಹಗಲಿನ ಟೈಪಿಸ್ಟು ನಿವೃತ್ತರಾದ ಮೇಲೆ ಅವರ ಕೆಲಸವೂ ನನ್ನ ತಲೆಗೇ ಬಿತ್ತು. ಬಿದ್ದದ್ದು ಕೆಲಸ ಮಾತ್ರ, ಅವರ ಫ್ಯಾನು ಹಗಲಿನವರ ಪಾಲಾಯಿತು. ಸಂಜೆ ವಿಭಾಗ ಎಂದರೆ ಹಗಲೆಲ್ಲ ದುಡಿದು ಬಂದವರು ಪದವಿ ಓದುವ ಜಾಗ. ಐದೂವರೆಗೆ ಶುರು, ಎಂಟೂವರೆಗೆ ಮುಕ್ತಾಯ. ಬಸ್ ಕಂಡಕ್ಟರುಗಳು, ಆಸ್ಪತ್ರೆಯ ಆಯಾಗಳು, ಅಂಗಡಿಯಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವರು, ಎಲ್ಲ ಸೇರಿ ನೂರಾ ಎಪ್ಪತ್ತು ಜನ. ಹಗಲಿನವರು ಬಿಟ್ಟುಹೋದ ಸೀಮೆಸುಣ್ಣದ ಚೂರಿನಲ್ಲೇ ನಮ್ಮ ಪಾಠ. ಎರಡನೇ ಮಹಡಿಯ ದೀಪ ಕೆಟ್ಟರೆ ಹಗಲಿನವರಿಗೆ ಗೊತ್ತೇ ಆಗುವುದಿಲ್ಲ, ಹಾಗಾಗಿ ಅದು ರಿಪೇರಿಯೂ ಆಗುವುದಿಲ್ಲ.

ಈ ಸಲದ ಯೋಜನೆಯಲ್ಲಿ ಸಂಜೆ ವಿಭಾಗ ಉಳಿಯುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುತ್ತದೆ ಎಂದು ಗುಸುಗುಸು ಎದ್ದಿತ್ತು. ಮುಚ್ಚಿದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ, ಹಗಲಿಗೆ ಹಾಕುತ್ತಿದ್ದರು. ಬಹುಶಃ ಫ್ಯಾನೂ ಸಿಗುತ್ತಿತ್ತು. ನನ್ನ ಚಿಂತೆಯೆಲ್ಲ ಅತ್ತೆಯದು.

ನನ್ನ ಅತ್ತೆ ಸಂಜೆ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿನಿ. ವಯಸ್ಸು ಐವತ್ತೊಂಬತ್ತು. ಮೂವತ್ತನಾಲ್ಕು ವರ್ಷದಿಂದ ತಮ್ಮ ಓರಗಿತ್ತಿಯ ಜೊತೆ ಎರಡು ಮೆಷೀನಿನ ಹೊಲಿಗೆ ಅಂಗಡಿ ನಡೆಸುತ್ತಿದ್ದಾರೆ. ಊರಿನ ಅರ್ಧ ಮಕ್ಕಳ ಶಾಲಾ ಸಮವಸ್ತ್ರ ಅವರಿಬ್ಬರ ಕೈಯಲ್ಲಿ ಆದದ್ದು. ಐವತ್ತೈದಕ್ಕೆ ಖಾಸಗಿಯಾಗಿ ಕಟ್ಟಿ ಶಾಲೆಯ ಕೊನೆಯ ಪರೀಕ್ಷೆ ಮುಗಿಸಿದರು, ಆಮೇಲೆ ಇತಿಹಾಸ ಓದಬೇಕೆಂದು ಹಟ ಹಿಡಿದರು. ನನಗೂ ಅವರಿಗೂ ಬಟ್ಟೆ ಒಣಹಾಕುವ ಹಗ್ಗದಿಂದ ಹಿಡಿದು ಮಗುವಿಗೆ ಇಡುವ ಹೆಸರಿನ ತನಕ ಯಾವುದರಲ್ಲೂ ಹೊಂದಿಕೆಯಾದದ್ದಿಲ್ಲ. ಅವರನ್ನು ಸಂಜೆ ವಿಭಾಗಕ್ಕೆ ಸೇರಿಸಿದ್ದೊಂದೇ ನಾವಿಬ್ಬರೂ ಒಪ್ಪಿ ಮಾಡಿದ ಕೆಲಸ. ಕಾಲೇಜಿನ ಕೌಂಟರಿನಲ್ಲಿ ಅವರು ನನ್ನನ್ನು ‘ಮೇಡಂ’ ಎಂದು ಕರೆದು ಸಾಲಿನಲ್ಲಿ ನಿಲ್ಲುತ್ತಾರೆ. ಮನೆಗೆ ಬಂದ ಮೇಲೆ ಸಾಲು ಯಾಕೆ ಅಷ್ಟು ನಿಧಾನ ಎಂದು ನನ್ನ ಚಳಿ ಬಿಡಿಸುತ್ತಾರೆ.

ಸುತ್ತೋಲೆಯ ವಿಷಯ ಹೇಳಿದಾಗ ಅಂಗಡಿಯಲ್ಲಿ ಅತ್ತೆ ಕಾಲರು ತಿರುಗಿಸುತ್ತಿದ್ದರು.

“ಅವರಾಗೇ ಕೇಳ್ತಿದ್ದಾರಲ್ಲ, ಹೇಳೋಕೇನು ಧಾಡಿ ನಿಂಗೆ? ಮನೇಲಿ ನನ್ನ ಮುಂದೆ ಇಷ್ಟುದ್ದ ಬಾಯಿ ಮಾಡ್ತೀಯ.”

“ಅವರು ಕೇಳೋದು ಕೇಳಿದ ಹಾಗೆ ಕಾಣಿಸೋಕೆ ಅತ್ತೆ.”

“ಹಾಗಾದ್ರೆ ನೀನು ಕೇಳಿಸೋ ಹಾಗೆ ಹೇಳು. ನಂದಿನ್ನು ಒಂದು ವರ್ಷ ಇದೆ. ಅರ್ಧ ಹೊಲಿದ ಅಂಗಿ ಯಾರೂ ಹಾಕ್ಕೊಳ್ಳಲ್ಲ.”

ಇನ್ನೊಂದು ಮೆಷೀನಿನ ಹಿಂದಿನಿಂದ ಚಿಕ್ಕತ್ತೆ, ಅಂದರೆ ಅತ್ತೆಯ ಓರಗಿತ್ತಿ, ಮೆಲ್ಲಗೆ ಕೇಳಿದರು. “ಅಕ್ಕ, ನನ್ನ ಫಾರಂ ವಿಷಯ ಇವಳಿಗೆ ಹೇಳಿದ್ಯಾ?”

ಚಿಕ್ಕತ್ತೆಗೆ ಐವತ್ತೆರಡು. ಮಾತು ಕಡಿಮೆ, ಗುಂಡಿ ಮತ್ತು ಕಾಜ ಅವರ ಪಾಲು. ಎರಡು ವರ್ಷದಿಂದ ಅತ್ತೆ ಪುಸ್ತಕ ಚೀಲ ಹೆಗಲಿಗೇರಿಸಿ ಹೊರಡುವುದನ್ನು ನೋಡುತ್ತಾ ಅಂಗಡಿಯ ಬಾಗಿಲು ಎಳೆದು ಮನೆಗೆ ಹೋಗುತ್ತಿದ್ದವರು. ಅವರೂ ಅತ್ತೆಯ ಹಾಗೆ ಪರೀಕ್ಷೆ ಕಟ್ಟಿ, ಮೂರನೇ ಸಲಕ್ಕೆ ಪಾಸಾಗಿ, ಈ ವರ್ಷ ಸಂಜೆ ವಿಭಾಗಕ್ಕೆ ಅರ್ಜಿ ಹಾಕಲಿದ್ದಾರೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಹೋದ ವರ್ಷದ ಖಾಲಿ ಫಾರಮ್ಮೊಂದನ್ನು ಅತ್ತೆಯಿಂದ ಇಸಿದುಕೊಂಡು, ಚಿತ್ತು ಬರದಿರಲಿ ಎಂದು ಅಭ್ಯಾಸಕ್ಕೆ ತುಂಬಿಸಿಟ್ಟಿದ್ದರು. ತೋರಿಸಿದರು. ಒಂದೂ ಚಿತ್ತಿರಲಿಲ್ಲ.

“ಹೇಳ್ತೀನಿ ಚಿಕ್ಕತ್ತೆ. ಹೇಳೇ ಹೇಳ್ತೀನಿ,” ಎಂದೆ. ಅಷ್ಟು ಹುಮ್ಮಸ್ಸು ನನಗೆ ಎಲ್ಲಿಂದ ಬಂತೋ.

ಇನ್ನು ನಮ್ಮ ಕಚೇರಿಯ ಒಂದು ಪದ್ಧತಿ ಹೇಳಲೇಬೇಕು, ಇಲ್ಲದಿದ್ದರೆ ಮುಂದೆ ಆದ ಎಡವಟ್ಟು ತಿಳಿಯುವುದಿಲ್ಲ. ನಮ್ಮಲ್ಲಿ ಕಡತಕ್ಕೆ ಗುಲಾಬಿ ಚೀಟಿ ಅಂಟಿಸಿದರೆ ಅದು ಜೀವ ಹೋಗುವಷ್ಟು ಮುಖ್ಯ, ಯಾವ ಕಾರಣಕ್ಕೂ ಕೈಬಿಡಬೇಡಿ ಎಂದರ್ಥ. ಹಳದಿ ಚೀಟಿ ಅಂಟಿಸಿದರೆ ಪೀಡೆ ತೊಲಗಲಿ, ಮುಗಿಸಿ ಒಳಗಿಡಿ ಎಂದರ್ಥ. ಯಾವ ನಿಯಮದ ಪುಸ್ತಕದಲ್ಲೂ ಇದು ಇಲ್ಲ. ಹೆಡ್ ಗುಮಾಸ್ತರು ಕೆಲಸಕ್ಕೆ ಸೇರಿದ ಹೊಸದರಲ್ಲಿ ಶುರು ಮಾಡಿದ್ದು, ಮೂವತ್ತಮೂರು ವರ್ಷದಿಂದ ನಡೆದುಬಂದಿದೆ. ಜವಾನರಿಂದ ಹಿಡಿದು ಲ್ಯಾಬಿನವರ ತನಕ ನಮ್ಮವರಿಗೆಲ್ಲ ಕಣ್ಣು ಮುಚ್ಚಿದರೂ ಗೊತ್ತು. ಗೊತ್ತಿಲ್ಲದವರು ಎಂದರೆ ಪಾಠ ಮಾಡುವವರು ಮತ್ತು ಹೊರಗಿನವರು.

ಹೊರಗಿನವರು ಒಬ್ಬರು ಬಂದರು. ಯೋಜನಾ ತಜ್ಞರು. ಅವರು ಪರದೆಯ ಮೇಲೆ ತೋರಿಸುತ್ತಿದ್ದ ಚಿತ್ರಗಳಲ್ಲೆಲ್ಲ ಬಾಣದ ಗುರುತೇ ತುಂಬಿತ್ತು. ಮೇಲಕ್ಕೊಂದು ಬಾಣ, ಸುತ್ತಿ ಬರುವ ಬಾಣ, ಎತ್ತಲೂ ಹೋಗದ ಬಾಣ. ಮಧ್ಯಾಹ್ನದೊಳಗೆ ಅವರಿಗೆ ‘ಬಾಣದವರು’ ಎಂಬ ಹೆಸರು ಬಿದ್ದಿತ್ತು.

ಸಭೆ ದೊಡ್ಡ ಹಾಲಿನಲ್ಲಿ. ಬೋಧಕರು ಮುಂದೆ ಕೂತರು. ನಾವು ಬೋಧಕೇತರರು ಅರವತ್ತೆರಡು ಜನ ಒಳಗೆ ಬಂದು ನೋಡಿದರೆ ಕುರ್ಚಿಯೇ ಇಲ್ಲ. ಪ್ರಿನ್ಸಿಪಾಲರು ಮೈಕಿನಲ್ಲೇ ಹೇಳಿದರು. “ಬೋಧಕೇತರರು ದಯವಿಟ್ಟು ಪರೀಕ್ಷಾ ಹಾಲಿನಿಂದ ತಮ್ಮ ತಮ್ಮ ಕುರ್ಚಿ ತಂದ್ಕೊಳ್ಳಿ. ಅಷ್ಟರಲ್ಲಿ ತಜ್ಞರು ವಿಧಾನ ವಿವರಿಸಿಬಿಡ್ತಾರೆ.”

ಪರೀಕ್ಷಾ ಹಾಲು ಪಕ್ಕದ ಕಟ್ಟಡದ ಎರಡನೇ ಮಹಡಿಯಲ್ಲಿದೆ. ಒಂದೊಂದು ಕುರ್ಚಿ ಹೊತ್ತು, ಮಂಡಿನೋವಿನವರದ್ದು ಎರಡನೆಯದಾಗಿ ಹೊತ್ತು, ಏದುಸಿರು ಬಿಡುತ್ತಾ ವಾಪಸು ಬರುವ ಹೊತ್ತಿಗೆ ವಿಧಾನ ವಿವರಿಸಿ ಆಗಿತ್ತು. ಪರದೆಯ ಮೇಲೆ ಸೂರ್ಯೋದಯ ಇತ್ತು, ಅದರಿಂದಲೂ ಬಾಣ ಹೊರಟಿತ್ತು. ನಮ್ಮ ಮೇಜುಗಳ ಮೇಲೆ ಗುಲಾಬಿ ಚೀಟಿಯ ಕಟ್ಟು, ಹಳದಿ ಚೀಟಿಯ ಕಟ್ಟು, ಆಯಾ ಬಣ್ಣದ ಎರಡು ಡಬ್ಬ. ಜೊತೆಗೊಂದು ಅಚ್ಚು ಹಾಕಿದ ಕಾರ್ಡು: ‘ಒಂದು ಚೀಟಿಗೆ ಒಂದೇ ವಿಷಯ. ಮೂರು ಪದ ಮೀರದಂತೆ ಬರೆಯಿರಿ. ಹೆಸರು ಬೇಡ.’

ಬಣ್ಣದ ಬಗ್ಗೆ ಯಾರೂ ಕೇಳಲಿಲ್ಲ. ಗುಲಾಬಿ ಎಂದರೇನು ಎಂದು ನಮಗೆ ಯಾರಾದರೂ ಹೇಳಿಕೊಡಬೇಕೇ? ಉಲ್ಟಾ ನಮ್ಮ ಹೆಡ್ ಗುಮಾಸ್ತರ ಎದೆ ಒಂದು ಗೇಣು ಉಬ್ಬಿತು. “ನೋಡಮ್ಮ, ಕಡೆಗೂ ನಮ್ಮ ಪದ್ಧತಿಗೆ ಬಂದ್ರು,” ಎಂದರು.

ನಾನು ಮೇಜಿಂದ ಮೇಜಿಗೆ ಓಡಾಡಿದೆ. ಚುನಾವಣೆಗೆ ನಿಂತವರೂ ಅಷ್ಟು ಓಡಾಡಿರಲಿಕ್ಕಿಲ್ಲ. “ಬೇರೆ ಏನಾದ್ರೂ ಬರ್ಕೊಳ್ಳಿ, ಒಂದೇ ಒಂದು ಗುಲಾಬಿ ಸಂಜೆ ವಿಭಾಗಕ್ಕೆ ಕೊಡಿ,” ಎಂದು ಕೈ ಮುಗಿದೆ. ಲ್ಯಾಬಿನ ಅಟೆಂಡರ್ ಪೆನ್ನು ಹಿಡಿದು ಒದ್ದಾಡುತ್ತಿದ್ದರು.

“ಸಂಜೆ ವಿಭಾಗವನ್ನು ದಯವಿಟ್ಟು ಮುಂದುವರಿಸಿ ಅಂದ್ರೆ ನಾಲ್ಕು ಪದ ಆಗುತ್ತಲ್ಲ ಮೇಡಂ?”

“ಸಂಜೆ ವಿಭಾಗ ಅಂತ ಬರೀರಿ ಸಾಕು. ಗುಲಾಬಿ ಅಂದ್ಮೇಲೆ ಮಿಕ್ಕಿದ್ದು ಅರ್ಥ ಆಗುತ್ತೆ.”

ಎಲ್ಲ ಮೇಜಿಗೂ ಅದನ್ನೇ ಹೇಳಿದೆ. ನನ್ನ ಬಾಯಿಂದಲೇ ಹೇಳಿದೆ. ಈಗಲೂ ಅದು ನೆನಪಾದರೆ ತಲೆ ಚಚ್ಚಿಕೊಳ್ಳಬೇಕು ಎನಿಸುತ್ತದೆ. ಹೆಂಗಸರು ಅದರ ಜೊತೆಗೆ ‘ಶೌಚಾಲಯದ ಬಾಗಿಲ ಚಿಲಕ’ ಎಂದು ಗುಲಾಬಿಯಲ್ಲಿ ಬರೆದರು. ಮೂರನೇ ಮಹಡಿಯವರು ‘ಕುಡಿಯುವ ನೀರು’ ಎಂದು ಬರೆದರು. ಹಳದಿಯಲ್ಲಿ ಎಲ್ಲರೂ ಮನಸ್ಸು ಬಿಚ್ಚಿ ಪೀಡೆಗಳನ್ನು ಬರೆದರು: ‘ಶನಿವಾರದ ಸಭೆ’, ‘ಹೆಬ್ಬೆಟ್ಟಿನ ಹಾಜರಿ ಯಂತ್ರ’. ಡಬ್ಬಗಳು ತುಂಬಿದವು. ಚಹಾ ಬಂತು. ಬಾಣದವರು ನಮ್ಮ ಮೇಜಿನ ಹತ್ತಿರ ಬಂದು, “ಇಷ್ಟೊಂದು ಉತ್ಸಾಹ ನಾನು ಎಲ್ಲೂ ನೋಡಿಲ್ಲ,” ಎಂದರು. ನಿಜಕ್ಕೂ ಖುಷಿಯಾಯಿತು. ಅವತ್ತು ಮನೆಗೆ ಹೋಗಿ ಅತ್ತೆಯ ಮುಂದೆ ಜಂಬ ಕೊಚ್ಚಿಕೊಂಡೆ ಕೂಡ.

ಮೂರು ವಾರದ ಮೇಲೆ ಕರಡು ಯೋಜನೆ ಬಣ್ಣದ ಪುಸ್ತಕವಾಗಿ ಬಂತು. ಹಂಚಬೇಕಾದವಳು ನಾನೇ ಆದ್ದರಿಂದ ಮೊದಲು ತೆರೆದವಳೂ ನಾನೇ. ಹದಿನಾಲ್ಕನೇ ಪುಟ. ‘ಬೋಧಕೇತರ ಸಿಬ್ಬಂದಿಯ ಸಕ್ರಿಯ ಪಾಲ್ಗೊಳ್ಳುವಿಕೆ ಮತ್ತು ಅಭೂತಪೂರ್ವ ಒಮ್ಮತದ ಮೇರೆಗೆ ಕೈಬಿಡಲಾಗುವ ಚಟುವಟಿಕೆಗಳು’ ಎಂದು ತಲೆಬರಹ. ಮೊದಲನೆಯದೇ ಸಂಜೆ ವಿಭಾಗ, ಐವತ್ತಮೂರು ಚೀಟಿ. ಅದರ ಕೆಳಗೆ ಕುಡಿಯುವ ನೀರು. ಅದರ ಕೆಳಗೆ ಚಿಲಕ. ಎದುರು ಪುಟದಲ್ಲಿ ‘ಉಳಿಸಿಕೊಂಡು ಬಲಪಡಿಸಬೇಕಾದವು’: ಶನಿವಾರದ ಸಭೆ ಇನ್ನು ಮೇಲೆ ವಾರಕ್ಕೆರಡು. ಹೆಬ್ಬೆಟ್ಟಿನ ಯಂತ್ರ ಪ್ರತಿ ಮಹಡಿಗೊಂದು.

ಹೆಡ್ ಗುಮಾಸ್ತರು ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು, ದೂರ ಹಿಡಿದು, ಕನ್ನಡಕ ಒರೆಸಿ ಮತ್ತೆ ಹಿಡಿದು ನೋಡಿದರು.

“ನೀರು ಬೇಡ ಅಂತ ನಾವೇ ಬರೆದ್ವಾ?” ಎಂದು ಕೇಳಿದರು. ಪಾಪ, ನನ್ನನ್ನೇ ಕೇಳಿದರು.

ನಾನು ಪುಸ್ತಕ ಹಿಡಿದು ನೇರ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಬಾಣದವರೂ ಅಲ್ಲೇ ಕೂತು ಬಿಸ್ಕತ್ತು ತಿನ್ನುತ್ತಿದ್ದರು. ನಮ್ಮಲ್ಲಿ ಗುಲಾಬಿ ಎಂದರೇನು, ಹಳದಿ ಎಂದರೇನು, ಎಲ್ಲ ವಿವರಿಸಿದೆ. ಬಾಣದವರು ಬಹಳ ಸಮಾಧಾನದ ಮನುಷ್ಯ. ನನಗೆ ಅದನ್ನೇ ತಡೆಯಲಾಗಲಿಲ್ಲ.

“ಹಳದಿ ಉಳಿಸೋದಕ್ಕೆ, ಗುಲಾಬಿ ಬಿಡೋದಕ್ಕೆ ಅಂತ ಮೊದಲ ಐದು ನಿಮಿಷದಲ್ಲೇ ಹೇಳಿದ್ದೆನಲ್ಲ ಮೇಡಂ.”

“ಆ ಐದು ನಿಮಿಷ ನಾವು ಕುರ್ಚಿ ಹೊರ್ತಿದ್ವಿ ಸಾರ್.”

“ಹಾಗಾದ್ರೆ ಅದು ಆಸನ ವ್ಯವಸ್ಥೆಯ ಸಮಸ್ಯೆ. ವಿಧಾನದ್ದಲ್ಲ.”

“ಶೌಚಾಲಯಕ್ಕೆ ಚಿಲಕ ಬೇಡ ಅಂತ ಯಾವ ಹೆಂಗಸಾದ್ರೂ ಬರೀತಾಳಾ ಸಾರ್? ಒಂಬತ್ತು ಚೀಟಿ ಬಂದಿದೆ. ಅದನ್ನ ಓದಿದಾಗ್ಲೂ ನಿಮಗೆ ಅನುಮಾನ ಬರ್ಲಿಲ್ವಾ?”

“ತೆರೆದ ವಾತಾವರಣದ ಅಪೇಕ್ಷೆ ಅಂತ ನಾವು ಅರ್ಥ ಮಾಡ್ಕೊಂಡ್ವಿ,” ಎಂದರು ಬಾಣದವರು.

ನನ್ನ ಮೈಯೆಲ್ಲ ಉರಿದುಹೋಯಿತು. ಕ್ರಿಯಾಪದಕ್ಕೂ ಲೆಕ್ಕ ಹಾಕುವ ಹಾಗೆ ಮೂರು ಪದಕ್ಕೆ ಬಾಯಿ ಹೊಲಿದವರು, ಆ ಕ್ರಿಯಾಪದವನ್ನು ತಮಗೆ ಬೇಕಾದ ಹಾಗೆ ಹಚ್ಚಿಕೊಂಡಿದ್ದರು. ಇದನ್ನು ಹೇಳಿದೆ. ಬಾಣದವರು ‘ಒಳ್ಳೆಯ ಅಂಶ’ ಎಂದು ತಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಂಡರು.

ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ಯಾವುದನ್ನೂ ತಮ್ಮ ಮೈಮೇಲೆ ಎಳೆದುಕೊಳ್ಳದೆ ನಿವೃತ್ತಿ ಮುಟ್ಟಬೇಕೆಂದು ಹೊರಟವರು. ಪೆನ್ನು ತಿರುಗಿಸುತ್ತಾ ಹೇಳಿದರು. “ನೋಡಿ, ಚೀಟೀಲಿ ಹೆಸರಿಲ್ಲ. ನೀವೊಬ್ಬರು ಬಂದು ಎಲ್ಲರ ಮನಸ್ಸಲ್ಲಿ ಬೇರೆ ಇತ್ತು ಅಂದ್ರೆ ನಾನು ಆಡಳಿತ ಮಂಡಳಿಗೆ ಏನಂತ ಹೇಳ್ಲಿ? ಮೂವತ್ತು ಜನ ಬರೆದುಕೊಡಲಿ. ‘ನಾನು ಬಣ್ಣವನ್ನು ತಪ್ಪಾಗಿ ಬಳಸಿದ್ದೇನೆ’ ಅಂತ, ಹೆಸರು, ಹುದ್ದೆ, ಸಹಿ ಸಮೇತ. ಶುಕ್ರವಾರ ಮಂಡಳಿ ಕೂರುತ್ತೆ. ಅಷ್ಟರೊಳಗೆ.”

ನಾಲ್ಕು ದಿನ ಇತ್ತು. ಐವತ್ತಮೂರು ಜನ ಬರೆದಿದ್ದಾರೆ, ಮೂವತ್ತು ಸಹಿ ಯಾವ ಮಹಾ ಎಂದುಕೊಂಡೆ. ನನ್ನ ಜನ ನನಗೆ ಗೊತ್ತಿಲ್ಲ ಎಂಬುದು ಆ ನಾಲ್ಕು ದಿನದಲ್ಲಿ ಗೊತ್ತಾಯಿತು.

ಮೊದಲು ಹೋದದ್ದು ಹೆಡ್ ಗುಮಾಸ್ತರ ಹತ್ತಿರ. ಗುಲಾಬಿ ಪದ್ಧತಿಯ ಮೂಲಪುರುಷ ಅವರೇ ತಾನೆ.

“ಮೂವತ್ಮೂರು ವರ್ಷದಲ್ಲಿ ನಂದು ತಪ್ಪಾಗಿದೆ ಅಂತ ಒಂದು ಕಾಗದದಲ್ಲೂ ಬರೆದಿಲ್ಲಮ್ಮ ನಾನು. ಇನ್ನು ಎಂಟು ತಿಂಗಳಿಗೆ ರಿಟೈರಾಗ್ತೀನಿ. ಈಗ ಬರೆಸ್ತೀಯಾ?”

“ಸಾರ್, ತಪ್ಪು ನಮ್ಮದಲ್ಲ ಅಂತ ತೋರಿಸೋಕೇ ಇದು.”

“ಹಾಗಾದ್ರೆ ತಪ್ಪಾಗಿ ಅನ್ನೋ ಪದ ತೆಗಿ.”

ತೆಗೆದರೆ ಪ್ರಿನ್ಸಿಪಾಲರು ಒಪ್ಪುವುದಿಲ್ಲ. ಇಟ್ಟರೆ ಇವರು ಒಪ್ಪುವುದಿಲ್ಲ. ಗ್ರಂಥಾಲಯಕ್ಕೆ ಹೋದೆ. ಅಲ್ಲಿಯವರನ್ನು ನಾವು ‘ಶ್ಶ್ ಸಾರ್’ ಎನ್ನುತ್ತೇವೆ, ಯಾರು ಉಸಿರಾಡಿದರೂ ಹಾಗೆನ್ನುವುದರಿಂದ. ಅವರು ಕಾಗದವನ್ನು ಎರಡು ಸಲ ಓದಿ, ನಾನು ಯಾವ ಬಣ್ಣದಲ್ಲಿ ಬರೆದೆ ಅನ್ನೋದೇ ಮರೆತುಹೋಗಿದೆ ಎಂದು ಪಿಸುಗುಟ್ಟಿದರು. ನಮ್ಮವರ ಮೊದಲನೇ ಸಾಲಿನ ಮೇಜಿನಲ್ಲಿ ಕೂತು ‘ಸಂಜೆ ವಿಭಾಗ’ ಎಂದು ಮುತ್ತು ಪೋಣಿಸಿದ ಹಾಗೆ ಬರೆದದ್ದನ್ನು ನನ್ನ ಕಣ್ಣಾರೆ ನೋಡಿದ್ದೆ. ಲ್ಯಾಬಿನ ಅಟೆಂಡರ್ ಒಂದೇ ಮಾತಿಗೆ ಸಹಿ ಹಾಕಿದರು. ಹೆಂಗಸರು ಎಂಟು ಜನ ಹಾಕಿದರು, ಅದೂ ಚಿಲಕದ ಮಾತನ್ನು ಸೇರಿಸಿದ ಮೇಲೆ. ಮೂರನೇ ಮಹಡಿಯವರು ಪ್ರತಿದಿನ ‘ನಾಳೆ’ ಎಂದರು. ತಪ್ಪಾಯಿತು ಎಂದು ಬರೆದುಕೊಟ್ಟರೆ ಸೇವಾ ಪುಸ್ತಕಕ್ಕೆ ಹೋಗುತ್ತದಂತೆ, ಬಡ್ತಿ ನಿಲ್ಲುತ್ತದಂತೆ ಎಂದು ಬುಧವಾರದೊಳಗೆ ಸುದ್ದಿ ಹಬ್ಬಿತು. ಯಾರು ಹಬ್ಬಿಸಿದರೋ. ಯಾರೂ ಹಬ್ಬಿಸಬೇಕಾಗಿಯೂ ಇಲ್ಲ, ನಮ್ಮಲ್ಲಿ ಹೆದರಿಕೆ ತಾನಾಗೇ ಹುಟ್ಟುತ್ತದೆ.

ಗುರುವಾರ ಸಂಜೆಗೆ ಹದಿನೇಳು ಸಹಿ. ನನ್ನದೂ ಸೇರಿ.

ನನಗೆ ಬಾಣದವರ ಮೇಲೆ ಸಿಟ್ಟು ಬಂದಿತ್ತು, ನಿಜ. ಆದರೆ ಅವತ್ತು ಬಂದ ಸಿಟ್ಟು ಬೇರೆ. ಹೊರಗಿನವನು ನಮ್ಮ ಮಾತು ತಿಳಿಯದೆ ತಪ್ಪು ಮಾಡಿದ. ಇವರೆಲ್ಲ ತಿಳಿದೂ ತೆಪ್ಪಗಾಗಿದ್ದರು. ಅತ್ತೆಗೆ ಹದಿನೇಳರ ಲೆಕ್ಕ ಹೇಳಲು ಬಾಯಿ ಬರಲಿಲ್ಲ. ಆಗುತ್ತದೆ ಅತ್ತೆ, ಆಗುತ್ತದೆ ಎಂದು ತೇಲಿಸಿಬಿಟ್ಟೆ. ಅವರು ತರಗತಿಗೆ ಹೋಗುವ ಅವಸರದಲ್ಲಿದ್ದರು. ಆ ತಿಂಗಳು ಯಾವುದೋ ಹಳೆಯ ದಂಗೆಯ ಪಾಠ ನಡೆಯುತ್ತಿತ್ತು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮಂಡಳಿ ಕೂರುವ ಮುಂಚೆ ಪ್ರಿನ್ಸಿಪಾಲರು ಕರೆಸಿದರು. ಕೂರಿ ಎಂದರು. ಇಪ್ಪತ್ತೊಂದು ವರ್ಷದಲ್ಲಿ ಆ ಕೋಣೆಯಲ್ಲಿ ನನಗೆ ಯಾರೂ ಕೂರಿ ಎಂದಿರಲಿಲ್ಲ. ಆಗಲೇ ಅನುಮಾನ ಬರಬೇಕಿತ್ತು.

“ಹದಿನೇಳು ಅಂದ್ರೆ ಮಂಡಳಿಯವರು ಕೈಗೂ ತಗೊಳ್ಳಲ್ಲ. ನಾನೊಂದು ದಾರಿ ಯೋಚಿಸಿದ್ದೀನಿ,” ಎಂದು ಒಂದು ಹಾಳೆ ನನ್ನ ಕಡೆ ತಿರುಗಿಸಿದರು. ಅವರೇ ಟೈಪು ಮಾಡಿಕೊಂಡಿದ್ದರು, ತಪ್ಪು ಬಹಳ ಇತ್ತು. ‘ಬೋಧಕೇತರ ಸಿಬ್ಬಂದಿಯ ಆಕ್ಷೇಪಣೆಯನ್ನು ಸೌಹಾರ್ದಯುತವಾಗಿ ಬಗೆಹರಿಸಲಾಗಿದೆ. ಈಗ ಓದುತ್ತಿರುವವರು ಪದವಿ ಮುಗಿಸುವವರೆಗೆ ಸಂಜೆ ವಿಭಾಗ ನಡೆಯುವುದು. ಹೊಸ ಪ್ರವೇಶ ಇರುವುದಿಲ್ಲ. ಇದಕ್ಕೆ ಸಿಬ್ಬಂದಿಯ ಸಂಪೂರ್ಣ ಒಪ್ಪಿಗೆ ಇದೆ.’ ಕೆಳಗೆ ‘ಸಿಬ್ಬಂದಿಯ ಪರವಾಗಿ’ ಎಂದು ಒಂದು ಗೆರೆ.

“ಸಿಬ್ಬಂದಿಯ ಪರವಾಗಿ ಸಹಿ ಹಾಕೋಕೆ ನನ್ನನ್ನ ಯಾರು ಆರಿಸಿದ್ರು ಸಾರ್?”

“ಓಡಾಡಿದವರು ನೀವೇ ತಾನೆ? ಅದಿರಲಿ, ನಿಮ್ಮ ಅತ್ತೆಯವರು ನಮ್ಮಲ್ಲಿ ಓದ್ತಿದ್ದಾರಂತಲ್ಲ. ಈ ವಯಸ್ಸಲ್ಲಿ, ದೊಡ್ಡ ವಿಷಯ. ಅವರು ಮುಗಿಸ್ಕೊಳ್ಳಲಿ ಅಂತ ನನಗೂ ಆಸೆ ಇದೆ.”

ಎಲ್ಲಿ ಮುಟ್ಟಬೇಕೋ ಅಲ್ಲೇ ಮುಟ್ಟಿದ್ದರು. “ಸಹಿ ಹಾಕದಿದ್ರೆ?” ಎಂದು ಕೇಳಿದೆ.

“ಹದಿನೇಳು ಸಹಿ ಮಂಡಳಿ ಮುಂದೆ ಇಡ್ತೀನಿ. ಮೂವತ್ತಿಲ್ಲ ಅಂತಾನೂ ಹೇಳ್ತೀನಿ. ಆಮೇಲೆ ಅವರಿಷ್ಟ. ಬರೋ ತಿಂಗಳೇ ಬಾಗಿಲು ಹಾಕಿ ಅಂದ್ರೂ ಅನ್ನಬಹುದು. ಒಬ್ಬರಿಬ್ಬರು ನಿಮ್ಮ ಕಡೆ ಮಾತಾಡಿದ್ರೂ ಮಾತಾಡಬಹುದು, ಇಲ್ಲ ಅನ್ನಲ್ಲ.”

ಚಿಕ್ಕತ್ತೆಯ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆ ಹಾಳೆಯ ಮೂರನೇ ವಾಕ್ಯ ಓದಿದ ಕೂಡಲೇ ನೆನಪಾಯಿತು. ಆದರೆ ಅತ್ತೆ ಮುಕ್ಕಾಲು ದಾರಿ ಬಂದಿದ್ದಾರೆ, ಚಿಕ್ಕತ್ತೆ ಇನ್ನೂ ಹೊಸ್ತಿಲು ದಾಟಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಇರುವುದನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ. ನಾಲ್ಕು ದಿನ ಬಾಗಿಲು ಬಾಗಿಲು ತಿರುಗಿ ಸುಸ್ತಾಗಿತ್ತು, ಅದೂ ಇತ್ತು. ಈ ನೂರಾ ಎಪ್ಪತ್ತು ಜನರ ಪದವಿ ನನ್ನ ಹಟಕ್ಕೆ ಮಣ್ಣಾದರೆ ಎಂಬ ಭಯವೂ ಇತ್ತು. ಪ್ರಿನ್ಸಿಪಾಲರು ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. ಸಹಿ ಹಾಕಿದೆ. ಅವರು ತಕ್ಷಣ ಎದ್ದು ನಿಂತು, ನಿಮ್ಮಂಥವರು ಪಾಲ್ಗೊಂಡರೆ ಮಾತ್ರ ಯೋಜನೆ ಯಶಸ್ವಿ ಎಂದರು.

ಮಧ್ಯಾಹ್ನ ಮಂಡಳಿ ಹದಿನೈದೇ ನಿಮಿಷದಲ್ಲಿ ಒಪ್ಪಿತು. ನಾನು ಅರ್ಧ ದಿನ ರಜೆ ಹಾಕಿ, ಹಾಳೆಯ ಪ್ರತಿ ತೆಗೆದುಕೊಂಡು ಅಂಗಡಿಗೆ ಹೋದೆ. ದಾರಿಯಲ್ಲಿ ನನ್ನ ಹೆಜ್ಜೆ ಹಗುರವಾಗಿಯೇ ಇತ್ತು, ಅದನ್ನೂ ಮುಚ್ಚಿಡುವುದಿಲ್ಲ. ಶಾಲೆ ತೆರೆಯುವ ಕಾಲ ಹತ್ತಿರ ಬಂದಿತ್ತು. ಅಂಗಡಿಯ ತುಂಬ ನೀಲಿ ಬಟ್ಟೆಯ ರಾಶಿ, ಇಬ್ಬರೂ ಅದರ ನಡುವೆ ಮುಳುಗಿದ್ದರು.

“ಉಳೀತು ಅತ್ತೆ. ನಿಮ್ಮ ಪದವಿ ಆಗುತ್ತೆ,” ಎಂದು ಹಾಳೆ ಕೊಟ್ಟೆ.

ಅತ್ತೆ ಮೆಷೀನು ನಿಲ್ಲಿಸಿ ಕನ್ನಡಕ ಹಾಕಿಕೊಂಡರು. ಪಠ್ಯಪುಸ್ತಕ ಓದುವ ಹಾಗೆ ಬೆರಳಿಟ್ಟು ಓದಿದರು. ಬೆರಳು ಮೂರನೇ ವಾಕ್ಯದಲ್ಲಿ ನಿಂತಿತು.

“ಹೊಸ ಪ್ರವೇಶ ಇರುವುದಿಲ್ಲ,” ಎಂದು ಜೋರಾಗಿ ಓದಿದರು.

ಚಿಕ್ಕತ್ತೆಯ ಕೈಯಲ್ಲಿ ಸೂಜಿ ನಿಂತಿತು. ತಲೆ ಎತ್ತಲಿಲ್ಲ.

“ಇದಕ್ಕಿಂತ ಹೆಚ್ಚು ಆಗ್ಲಿಲ್ಲ ಅತ್ತೆ. ಮೂವತ್ತು ಸಹಿ ಬೇಕಿತ್ತು, ಒಬ್ಬೊಬ್ಬರೇ ನುಣುಚ್ಕೊಂಡ್ರು. ಇದೂ ಇಲ್ಲದಿದ್ರೆ ಬರೋ ತಿಂಗಳೇ ಮುಚ್ಚೋರು.”

“ಮುಚ್ಚೋರು ಅಂತ ಗೊತ್ತಿತ್ತಾ, ಮುಚ್ಚಬಹುದು ಅಂತ ಹೇಳಿದ್ರಾ?”

ಅತ್ತೆ ಹಾಳೆ ಮಡಿಸಿದರು.

“ಅವತ್ತು ಚೀಟಿ ಬರೆದಾಗ ನಿಂಗೆ ಗೊತ್ತಿರ್ಲಿಲ್ಲ. ಇದನ್ನ ಓದಿ ಸಹಿ ಹಾಕಿದ್ಯಲ್ಲ?”

“ನಿಮಗೋಸ್ಕರ ಹಾಕಿದೆ ಅತ್ತೆ!” ನನ್ನ ದನಿ ಏರಿತು. ನಾಲ್ಕು ದಿನದ ಉರಿಯೆಲ್ಲ ಒಟ್ಟಿಗೆ ಬಾಯಿಗೆ ಬಂತು. “ನಿಮ್ಮ ಒಂದು ವರ್ಷ ಉಳೀಲಿ ಅಂತ ಹಾಕಿದೆ. ಎಲ್ಲರ ಕಾಲು ಹಿಡಿದೆ, ಎಲ್ಲರ ಹತ್ರ ಬೈಸ್ಕೊಂಡೆ. ಕಡೆಗೆ ನೀವೂ ಅನ್ನಿ.”

“ನನ್ನನ್ನ ಕೇಳಿದ್ಯಾ?” ಎಂದರು ಅತ್ತೆ. ಬೈಯಲಿಲ್ಲ. ಬೈದಿದ್ದರೆ ನಾನೂ ಬೈಯುತ್ತಿದ್ದೆ, ಇಪ್ಪತ್ತು ವರ್ಷದ ಅಭ್ಯಾಸ. “ನಂಗೋಸ್ಕರ ಅಂತೀಯ. ನನ್ನನ್ನ ಕೇಳಿದ್ಯಾ? ಇವಳನ್ನ ಕೇಳಿದ್ಯಾ? ಕಾಲೇಜಿಗೂ ಈ ಅಂಗಡಿಗೂ ಎಷ್ಟು ದೂರ, ಹತ್ತು ನಿಮಿಷ. ಬಂದು ಕೇಳಿದ್ರೆ, ನಂದು ಹೋದ್ರೂ ಹೋಗ್ಲಿ, ಆ ಹದಿನೇಳನ್ನೇ ಇಡು ಅಂತಿದ್ದೆ.”

ಪ್ರಿನ್ಸಿಪಾಲರನ್ನು, ಬಾಣದವರನ್ನು, ಹೆಡ್ ಗುಮಾಸ್ತರನ್ನು ಮನಸ್ಸಿನಲ್ಲೇ ಸಾಲಾಗಿ ನಿಲ್ಲಿಸಿ ಬೈಯಲು ನೋಡಿದೆ. ಒಬ್ಬರೂ ನಿಲ್ಲಲಿಲ್ಲ.

“ಬಿಡಕ್ಕ, ಪಾಪ, ಅವಳೇನ್ ಮಾಡ್ತಾಳೆ,” ಎಂದರು ಚಿಕ್ಕತ್ತೆ. ಹಲ್ಲಿನಿಂದ ದಾರ ಕಚ್ಚಿ ತುಂಡು ಮಾಡಿ, ಮಡಿಲಲ್ಲಿದ್ದ ಅಂಗಿಯನ್ನು ಮಡಿಸಿ ರಾಶಿಯ ಮೇಲಿಟ್ಟರು. ಇನ್ನೊಂದು ತೆಗೆದುಕೊಂಡರು. ಗುಂಡಿ ಇಡುವ ಜಾಗಕ್ಕೆ ಗುರುತು ಹಾಕುತ್ತಾ, ನನ್ನ ಮುಖ ನೋಡದೆ, ಬೆಲೆ ವಿಚಾರಿಸುವವರ ಹಾಗೆ ಕೇಳಿದರು.

“ಹೆಸರು ಹಚ್ಚೋದೇನೂ ಬೇಡ. ಪರೀಕ್ಷೆನೂ ಬೇಡ. ಅಕ್ಕ ಹೋಗೋವಾಗ ನಾನೂ ಬಂದು ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ಕೊಂಡ್ರೆ ಬಿಡ್ತಾರಾ?”

“ಕೇಳಿ ಹೇಳ್ತೀನಿ ಚಿಕ್ಕತ್ತೆ,” ಎಂದೆ.

ಸಂಜೆ ವಿಭಾಗದಲ್ಲಿ ಅದನ್ನು ಕೇಳಬೇಕಾದದ್ದು ಗುಮಾಸ್ತೆಯನ್ನು. ಅದು ಚಿಕ್ಕತ್ತೆಗೂ ಗೊತ್ತಿತ್ತು.